ಪರನಾಡಿಗೆ ಮೋಟಾರು ಹೊರಟಾಗ

ಪರದೇಶವೆಂದರೆ ಇಂದಿನ ಮಕ್ಕಳ ಕಣ್ಣ ಮುಂದೆ ಅಮೇರಿಕ, ಜರ್ಮನಿ, ಆಸ್ಟ್ರೇಲಿಯಗಳು ಬರುತ್ತವೆ. ಸಾಂಗಲಿ–ಮಿರಜ ಪರಿಸರದ ನಮ್ಮ ಹಿರಿಯರಿಗೆ ಪರದೇಶ ಅಷ್ಟು ದೂರವಿರಲಿಲ್ಲ. ಮುಂಜಾನೆ ಕಟ್ಟಿಕೊಂಡ ಬುತ್ತಿಯನ್ನು ಮಧ್ಯಾಹ್ನ ಬಿಚ್ಚುವಷ್ಟರೊಳಗೆ ಅವರು ಎರಡು ಮೂರು ಅರಸೊತ್ತಿಗೆಗಳ ಸೀಮೆ ದಾಟಿರುತ್ತಿದ್ದರು. ಮಗಳನ್ನು ಕೊಟ್ಟ ಮನೆ ಅಥಣಿಯಲ್ಲಿ, ಹಿರಿಯರ ಹೊಲ ಜತ್ತದಲ್ಲಿ, ದವಾಖಾನೆ ಮಿರಜದಲ್ಲಿ, ಮನೆದೇವರು ಸವದತ್ತಿಯ ಗುಡ್ಡದಲ್ಲಿ: ಹೀಗೆ ಹರಡಿಕೊಂಡ ಬಾಳು ನಮ್ಮದು. ಆದುದರಿಂದ ಅನ್ಯರ ಸೀಮೆಯಲ್ಲಿ ಗಾಡಿ ಓಡಿಸುವುದಕ್ಕೆ ಮಾಡಿಕೊಳ್ಳಬೇಕಾದ ಸಿದ್ಧತೆ ಎಂಬ ವಿಷಯ ಪ್ರವಾಸಪ್ರಿಯರ ಹವ್ಯಾಸಕ್ಕಷ್ಟೇ ಸಂಬಂಧಿಸಿದ್ದಲ್ಲ. ಇದು ನಮ್ಮ ಸಂಸಾರಗಳ ಇತಿಹಾಸದ ಒಂದು ಅಧ್ಯಾಯ. ಅದನ್ನು ಈ ಸ್ಮರಣ ಸಂಚಿಕೆಯಲ್ಲಿ ಯಥಾಶಕ್ತಿ ಬರೆದಿಡುವುದು ಈ ಲೇಖನದ ಉದ್ದೇಶ.

ಮೊದಲು ನೆಲದ ಸ್ಥಿತಿಯನ್ನು ತಿಳಿಯಬೇಕು. ಪಟವರ್ಧನ ಮನೆತನದ ಮಿರಜ ಜಹಗೀರಿಯಿಂದ 1801ರಲ್ಲಿ ಚಿಂತಾಮಣರಾವ್ ಅಪ್ಪಾಸಾಹೇಬರು ಬೇರೆಯಾಗಿ ಸಾಂಗಲಿಯಲ್ಲಿ ನೆಲೆ ನಿಂತರು. 1820ರಲ್ಲಿ ಉಳಿದ ಮಿರಜವೂ ಒಡೆದು ಹಿರಿಯ ಮಿರಜ, ಕಿರಿಯ ಮಿರಜ ಎಂದು ಎರಡಾಯಿತು. ಕಿರಿಯ ಮಿರಜದ ರಾಜಧಾನಿ ಬುಧಗಾಂವ. ಸಾಂಗಲಿಯಿಂದ ಮಿರಜಕ್ಕೆ ಸುಮಾರು 10 ಕಿಲೋಮೀಟರು. ಬುಧಗಾಂವ ಅದಕ್ಕಿಂತಲೂ ಹತ್ತಿರ. ಒಂದು ಹೊತ್ತಿನ ಸೈಕಲ್ ಸವಾರಿಯಲ್ಲಿ ಮೂರು ರಾಜಧಾನಿಗಳನ್ನು ಕಂಡು ಬರಬಹುದಾದ ಪ್ರದೇಶ ಭರತಖಂಡದಲ್ಲಿ ಹೆಚ್ಚಿರಲಾರದು.

ಇದಕ್ಕಿಂತ ವಿಚಿತ್ರವಾದದ್ದು ಈ ಸಂಸ್ಥಾನಗಳ ಆಕಾರ. ಸಾಂಗಲಿ ಸಂಸ್ಥಾನದ ಶಿರಹಟ್ಟಿ ಇಂದಿನ ಗದಗ ಜಿಲ್ಲೆಯಲ್ಲಿದೆ, ತೇರದಾಳ ಬಾಗಲಕೋಟ ಜಿಲ್ಲೆಯಲ್ಲಿದೆ, ಮಂಗಳವೇಢೆ ಸೊಲ್ಲಾಪುರ ಜಿಲ್ಲೆಯಲ್ಲಿದೆ. ಶಹಾಪುರವಂತೂ ಬೆಳಗಾವಿ ನಗರದ ಹೊಟ್ಟೆಯಲ್ಲೇ ಸೇರಿಹೋಗಿದೆ. ಹಿರಿಯ ಮಿರಜಕ್ಕೆ ಲಕ್ಷ್ಮೇಶ್ವರ, ಕಿರಿಯ ಮಿರಜಕ್ಕೆ ಗುಡಗೇರಿ, ಜಮಖಂಡಿಗೆ ಕುಂದಗೋಳ, ಕೊಲ್ಲಾಪುರಕ್ಕೆ ರಾಯಬಾಗ ಸೇರಿದ್ದವು. ಸಾಂಗಲಿಯ ಕಾರಭಾರಿಯೊಬ್ಬ ತನ್ನದೇ ಸಂಸ್ಥಾನದ ಶಿರಹಟ್ಟಿಗೆ ಹೊರಟರೆ ದಾರಿಯಲ್ಲಿ ಬ್ರಿಟಿಷ್ ಮುಲುಕು ಬರುತ್ತಿತ್ತು, ಮತ್ತೊಬ್ಬ ಅರಸನ ಹಳ್ಳಿಗಳು ಬರುತ್ತಿದ್ದವು. ಹರಿದ ಕೌದಿಯ ತುಂಡುಗಳಂತೆ ಚೆದುರಿದ್ದ ಈ ಸೀಮೆಗಳಲ್ಲಿ ಬಹುಪಾಲು ರೈತರು ಆಡುತ್ತಿದ್ದುದು ಕನ್ನಡ. ದಫ್ತರದ ಕಾಗದಗಳು ಮಾತ್ರ ಮರಾಠಿಯಲ್ಲಿರುತ್ತಿದ್ದವು. ಸಾಂಗಲಿಯ ಸಂಬಂಧ ಕನ್ನಡಕ್ಕೆ ಇತ್ತೀಚಿನದೆಂದು ತಿಳಿದಿರುವ ತರುಣರು ಈ ನಕಾಶೆಯನ್ನೊಮ್ಮೆ ನೋಡಬೇಕು.

ಇಂಥ ನೆಲಕ್ಕೆ ಮೋಟಾರು ಬಂದಿತು. ಬ್ರಿಟಿಷ್ ಇಂಡಿಯಾದಲ್ಲಿ 1914ರ ಮೋಟಾರು ವಾಹನ ಕಾಯಿದೆ ಜಾರಿಯಾಯಿತು. ಚಾಲಕನಿಗೆ ಪರವಾನಿಗೆ ಬೇಕು, ಗಾಡಿಗೆ ನೋಂದಣಿ ಬೇಕು, ಹದಿನೆಂಟು ತುಂಬದವನು ಸಾರ್ವಜನಿಕ ದಾರಿಯಲ್ಲಿ ಮೋಟಾರು ನಡೆಸಕೂಡದು ಎಂಬ ನಿಯಮಗಳು ಅಂದಿನವು. ಆದರೆ ಆ ಕಾಯಿದೆಯ ಕೈ ಸಂಸ್ಥಾನದ ಸೀಮೆಗಲ್ಲಿನವರೆಗೆ ಮಾತ್ರ ಚಾಚುತ್ತಿತ್ತು. ಅದರಾಚೆಗೆ ದರಬಾರಿನ ಹುಕುಮೇ ಕಾನೂನು. ಬೆಳಗಾವಿಯ ದಂಡು ಪ್ರದೇಶದಿಂದ ಹೊರಟು ಶಹಾಪುರದ ಪೇಟೆಗೆ ಬಂದವನು ಊರು ಬಿಟ್ಟಿರುತ್ತಿರಲಿಲ್ಲ. ಸರಕಾರವನ್ನೇ ಬಿಟ್ಟು ಬಂದಿರುತ್ತಿದ್ದ. ಈಚೆಗೆ ಪೊಲೀಸನೊಬ್ಬ ಕೈ ಅಡ್ಡ ಹಿಡಿದರೆ ಅವನು ಬ್ರಿಟಿಷರವನು, ಆಚೆಗೆ ಹಿಡಿದರೆ ಸಾಂಗಲಿಕರರವನು.

ಅಂದಿನ ಮೋಟಾರಿನ ಸಿದ್ಧತೆಯೇ ಒಂದು ಸಣ್ಣ ದಂಡಯಾತ್ರೆ. ಮುಂಭಾಗದ ಹ್ಯಾಂಡಲ್ ತಿರುವಿ ಎಂಜಿನ್ ಎಬ್ಬಿಸಬೇಕು. ತಿರುವುವಾಗ ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಪೇಟೆ ಬಿಟ್ಟರೆ ಪೆಟ್ರೋಲು ಸಿಗದು, ಆದ್ದರಿಂದ ಡಬ್ಬಿಗಳಲ್ಲಿ ತುಂಬಿ ಹೊರಬೇಕು. ಎರಡು ಮೂರು ಟ್ಯೂಬು, ತೇಪೆ ಹಚ್ಚುವ ರಬ್ಬರು ಮತ್ತು ಸೊಲ್ಯೂಷನ್, ಕೈಪಂಪು, ಜ್ಯಾಕು, ಹಗ್ಗ. ಕ್ಯಾನ್‌ವಾಸಿನ ನೀರ ಚೀಲವನ್ನು ಹೊರಗೆ ಗಾಳಿಗೆ ತೂಗುಬಿಡುತ್ತಿದ್ದರು. ಅದರ ನೀರು ತಣ್ಣಗಾಗಿ ಮನುಷ್ಯರ ಬಾಯಾರಿಕೆಗೂ ರೇಡಿಯೇಟರಿನ ಕುದಿಗೂ ಒದಗುತ್ತಿತ್ತು. ಸುಣ್ಣಗಲ್ಲಿನ ನೆಲದ ಬಾವಿನೀರನ್ನು ರೇಡಿಯೇಟರಿಗೆ ಹಾಕಬಾರದು, ಒಳಗೆ ಗಾರೆ ಕಟ್ಟುತ್ತದೆ ಎಂಬುದು ಚಾಲಕರು ಒಬ್ಬರಿಂದೊಬ್ಬರು ಕಲಿತ ಪಾಠ. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ನಮ್ಮ ಎರೆಮಣ್ಣು. ಕೃಷ್ಣೆ ತುಂಬಿ ಹರಿದರೆ ದೋಣಿಕಾರನ ಮರ್ಜಿ ಕಾಯಬೇಕು. ಸಾಂಗಲಿಯಲ್ಲಿ 1929ರಲ್ಲಿ ಆಯರ್ವಿನ್ ಸೇತುವೆ ಮುಗಿದ ಮೇಲೆ ಆ ಒಂದು ಕಂಟಕವಾದರೂ ತಪ್ಪಿತು. ಆಗಿನ ವೈಸರಾಯ್ ಲಾರ್ಡ್ ಆಯರ್ವಿನ್ ಅವರ ಹೆಸರನ್ನು ಹೊತ್ತ ಆ ಸೇತುವೆಯನ್ನು ನಮ್ಮ ತಲೆಮಾರಿನವರು ನೆರೆಯ ಅಳತೆಗೋಲಾಗಿ ಬಳಸುತ್ತೇವೆ: ಆಯರ್ವಿನ್ ಪುಲಿನ ಹತ್ತಿರ ನೀರು ಎಷ್ಟು ಅಡಿ ಏರಿದೆ ಎಂಬುದು ಪ್ರತಿ ಶ್ರಾವಣದ ಪ್ರಶ್ನೆ.

ಚಾಲಕನ ಸಿದ್ಧತೆಯಲ್ಲಿ ಭಾಷೆಯೂ ಒಂದಾಗಿತ್ತು. ಮೈಲುಗಲ್ಲುಗಳಲ್ಲಿ ಒಂದು ಕಡೆ ದೇವನಾಗರಿ ಅಂಕಿ, ಇನ್ನೊಂದು ಕಡೆ ಕನ್ನಡ ಅಂಕಿ. ನಾಲ್ಕು ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಆರನ್ನೂ ಊಹಿಸಬಹುದು. ಆದರೆ ನಮ್ಮ ಒಂದು ಅವರ ಸೊನ್ನೆಯಂತೆ ಕಾಣುತ್ತದೆ. ಬಣ್ಣ ಮಾಸಿದ ಕಲ್ಲಿನ ಮೇಲೆ ಅದನ್ನು ನೋಡಿದ ಪರಸ್ಥಳದವನಿಗೆ ಹತ್ತಕ್ಕೂ ಹನ್ನೊಂದಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಇಂದಿಗೂ ಕೆಲವರು ಅಭಿಮಾನದಿಂದ ಫಲಕದ ಮೇಲೆ ಗಾಡಿಯ ಸಂಖ್ಯೆಯನ್ನು ತಮ್ಮ ತಮ್ಮ ಲಿಪಿಯಲ್ಲಿ ಬರೆಸುತ್ತಾರೆ. ಅಭಿಮಾನ ಮೆಚ್ಚತಕ್ಕದ್ದೇ, ಆದರೆ ಕೇಂದ್ರದ ನಿಯಮ ಇಂಗ್ಲಿಷ್ ಅಕ್ಷರ ಮತ್ತು ಅಂತರರಾಷ್ಟ್ರೀಯ ಅಂಕಿಗಳನ್ನೇ ವಿಧಿಸುತ್ತದೆ. ಅಪಘಾತವಾದಾಗ ಪರಊರಿನವನೊಬ್ಬ ಓದಿ ಹೇಳಲಾರದ ಸಂಖ್ಯೆ ಇದ್ದರೂ ಇಲ್ಲದ ಹಾಗೆ.

ಜಕಾತಿಯ ವಿಷಯವನ್ನೂ ಹೇಳಬೇಕು. ಪೇಟೆಯೊಳಗೆ ಹೋಗುವ ಸರಕಿನ ಮೇಲೆ ಜಕಾತಿ. ನಾಕಾದ ಬಿದಿರ ಅಡ್ಡಗೋಲು, ಕಂದೀಲು, ಮಸಿಕುಡಿಕೆ ಹಿಡಿದು ಕೂತ ಕಾರಕೂನ. ಮೋಟಾರಿನ ಹಿಂಭಾಗದಲ್ಲಿ ಮದುವೆಯ ಜವಳಿಯಿದ್ದರೆ ಅದು ಮನೆಬಳಕೆಯದೋ ಮಾರಾಟದ್ದೋ ಎಂಬ ವಾದ ಅರ್ಧ ತಾಸು ನಡೆಯುತ್ತಿತ್ತು. ಕರ್ನಾಟಕ 1979ರಲ್ಲಿ ಜಕಾತಿಯನ್ನು ಕೈಬಿಟ್ಟಿತು. ಮಹಾರಾಷ್ಟ್ರದ ನಗರಪಾಲಿಕೆಗಳಲ್ಲಿ ಅದು 1999ರವರೆಗೆ ಉಳಿಯಿತು, ಮಹಾನಗರಪಾಲಿಕೆಗಳಲ್ಲಿ ಅದರ ನಂತರವೂ. ಎರಡು ದಶಕ ಕಾಲ ಗಡಿಯ ಒಂದು ಮಗ್ಗುಲಲ್ಲಿ ನಾಕಾ ಇತ್ತು, ಇನ್ನೊಂದು ಮಗ್ಗುಲಲ್ಲಿ ಇರಲಿಲ್ಲ. ಜವಳಿ, ಅರಿಷಿಣ, ಬೆಲ್ಲದ ವ್ಯಾಪಾರಿಗಳು ಇದನ್ನು ಮರೆತಿಲ್ಲ.

ಇಷ್ಟೆಲ್ಲ ತೊಡಕಿದ್ದರೂ ಜನ ಮಿರಜಕ್ಕೆ ಬರುತ್ತಲೇ ಇದ್ದರು. ಡಾಕ್ಟರ್ ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಸ್ಥಾಪಿಸಿದ ಆಸ್ಪತ್ರೆಯ ಹೆಸರು ವಿಜಾಪುರ, ಬೆಳಗಾವಿ, ಧಾರವಾಡಗಳ ಹಳ್ಳಿಹಳ್ಳಿಗೂ ಮುಟ್ಟಿತ್ತು. ರೈಲು ದೂರವಾದ ಊರುಗಳಿಂದ ಮೊದಲು ಬಂಡಿಯಲ್ಲಿ, ಆಮೇಲೆ ಬಾಡಿಗೆ ಮೋಟಾರಿನಲ್ಲಿ ರೋಗಿಗಳನ್ನು ತರುತ್ತಿದ್ದರು. ಸಂಗೀತಗಾರರೂ ಬಂದರು. ಉಸ್ತಾದ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿದ್ದರು. 1937ರಲ್ಲಿ ಅವರು ತೀರಿಕೊಂಡ ಮೇಲೆ ಮೀರಾಸಾಹೇಬ ದರ್ಗಾದ ಉರುಸಿನಲ್ಲಿ ಅವರ ಸ್ಮರಣೆಯ ಸಂಗೀತ ನಡೆಯುತ್ತ ಬಂದಿದೆ. ಅವರ ಶಿಷ್ಯ ಸವಾಯಿ ಗಂಧರ್ವರ ಊರು ಜಮಖಂಡಿ ಸಂಸ್ಥಾನದ ಕುಂದಗೋಳ. ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿಯವರಂಥ ಕನ್ನಡ ನಾಡಿನ ಗಾಯಕರು ಆ ಪರಂಪರೆಯ ಕುಡಿಗಳು. ತಂಬೂರಿಯನ್ನು ಹುಲ್ಲು ಸುತ್ತಿ ಸೀಟಿನ ಮೇಲೆ ಮಲಗಿಸಿ, ಮನುಷ್ಯರು ಕಾಲು ಮಡಿಚಿ ಕೂತು ಬರುತ್ತಿದ್ದ ಪ್ರಯಾಣಗಳ ಕಥೆಗಳನ್ನು ಮಿರಜದ ತಂತುವಾದ್ಯ ತಯಾರಕರ ಓಣಿಯಲ್ಲಿ ಹಿರಿಯರಿಂದ ಕೇಳಿದ್ದೇನೆ.

ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಿತು. ಬೆನ್ನಿಗೆ ಇದ್ದಿಲ ಗ್ಯಾಸಿನ ಒಲೆ ಕಟ್ಟಿಕೊಂಡ ಮೋಟಾರುಗಳು ಏದುಸಿರು ಬಿಡುತ್ತ ಓಡಾಡಿದವು. ಅಷ್ಟರಲ್ಲಿ 1939ರ ಹೊಸ ಮೋಟಾರು ಕಾಯಿದೆ ಬಂದಿತ್ತು. ಅದರ ವಿಮೆಯ ಅಧ್ಯಾಯ 1946ರ ಜುಲೈ 1ರಿಂದ ಜಾರಿಗೆ ಬಂದು, ದಾರಿಹೋಕನಿಗೆ ಪೆಟ್ಟಾದರೆ ಪರಿಹಾರ ಕೊಡುವ ಹೊಣೆಯ ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಯಕೂಡದೆಂದಾಯಿತು. ಪರನಾಡಿನಲ್ಲಿ ಅಪಘಾತವಾದರೆ ಗಾಡಿಯವನ ರಕ್ಷಣೆಗೆ ಅಂದಿಗೂ ಇಂದಿಗೂ ಮೊದಲ ಕಾಗದ ಇದೇ.

1948ರ ಮಾರ್ಚ್ 8ರಂದು ದಕ್ಷಿಣದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಮರುವರ್ಷ ಕೊಲ್ಲಾಪುರವೂ ಸೇರಿತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಬಹಳ ಜನ ಇದನ್ನು ಮರೆತಿದ್ದಾರೆ. ವಿಜಾಪುರ, ಬೆಳಗಾವಿ, ಧಾರವಾಡಗಳೂ ಆಗ ಮುಂಬಯಿಗೇ ಸೇರಿದ್ದವು. ಆದುದರಿಂದ 1948ರ ಮಾರ್ಚಿನಿಂದ 1956ರ ಅಕ್ಟೋಬರ್ ಕೊನೆಯವರೆಗೆ, ಹೆಚ್ಚುಕಡಿಮೆ ಎಂಟೂವರೆ ವರ್ಷ, ಮಿರಜದಿಂದ ಅಥಣಿಗೆ, ಜಮಖಂಡಿಗೆ, ಹುಬ್ಬಳ್ಳಿಗೆ ಹೊರಟವನು ಯಾವ ಸೀಮೆಯನ್ನೂ ದಾಟಬೇಕಾಗಿರಲಿಲ್ಲ. ಒಂದೇ ನೋಂದಣಿ, ಒಂದೇ ತೆರಿಗೆ, ಒಂದೇ ಎಸ್.ಟಿ. ಬಸ್ಸು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಕನ್ನಡಿಗರೆಲ್ಲ ಒಂದಾದ ಆ ದಿನವನ್ನು ನಾವು ಹಬ್ಬವಾಗಿ ಆಚರಿಸುತ್ತೇವೆ, ಆಚರಿಸಲೇಬೇಕು. ಆದರೆ ಸಾಂಗಲಿ–ಮಿರಜದ ಕನ್ನಡಿಗರಿಗೆ ಅದೇ ದಿನ ಮ್ಹೈಸಾಳ ಮತ್ತು ಕಾಗವಾಡಗಳ ನಡುವೆ ಹೊಸದೊಂದು ಗೆರೆ ಹುಟ್ಟಿತು. ಅಲ್ಲಿಗೆ ಮಿರಜದಿಂದ ಅರ್ಧ ತಾಸಿನ ದಾರಿ. ನಮ್ಮ ಹರ್ಷದಲ್ಲಿ ಈ ಒಂದು ಎಳೆ ಬೇರೆಯದು, ಬೆಂಗಳೂರು–ಮೈಸೂರಿನ ಬಂಧುಗಳಿಗೆ ಅದನ್ನು ವಿವರಿಸುವುದು ಸುಲಭವಲ್ಲ.

ಹೊಸ ಗೆರೆಯಿಂದ ಖಾಸಗಿ ಮೋಟಾರಿಗೆ ದೊಡ್ಡ ಬಾಧೆಯಾಗಲಿಲ್ಲ. ಬಾಧೆಯಾದದ್ದು ಬಾಡಿಗೆಯ ಗಾಡಿಗಳಿಗೆ. ಒಂದು ರಾಜ್ಯ ಕೊಟ್ಟ ಪರ್ಮಿಟ್ಟು ಇನ್ನೊಂದು ರಾಜ್ಯದಲ್ಲಿ ನಡೆಯಬೇಕಾದರೆ ಅಲ್ಲಿನ ಪ್ರಾಧಿಕಾರದ ಪ್ರತಿಸಹಿ ಬೇಕು. ಎರಡು ರಾಜ್ಯಗಳ ನಡುವೆ ಎಷ್ಟು ಬಸ್ಸು, ಎಷ್ಟು ಸರದಿ ಎಂಬುದಕ್ಕೆ ಪರಸ್ಪರ ಒಪ್ಪಂದ ಬೇಕು. ನಿನ್ನೆಯವರೆಗೆ ಊರ ಬಸ್ಸಾಗಿದ್ದದ್ದು ಅಂತರರಾಜ್ಯ ಬಸ್ಸಾಯಿತು. ವರಾತ ಒಯ್ಯುವ ಲಾರಿಯವನೂ ತಾತ್ಕಾಲಿಕ ಪರ್ಮಿಟ್ಟಿಗಾಗಿ ಕಚೇರಿಯ ಮೆಟ್ಟಿಲು ಹತ್ತಬೇಕಾಯಿತು.

ಇನ್ನೊಂದು ಪರದೇಶವೂ ನಮ್ಮ ನೆರೆಯಲ್ಲೇ ಇತ್ತು, ಅದು ನಿಜವಾದ ಪರದೇಶ. 1961ರ ಡಿಸೆಂಬರ್ 19ರವರೆಗೆ ಗೋವಾ ಪೋರ್ತುಗೀಜರದು. ಮಿರಜದಲ್ಲಿ ಹತ್ತಿದ ರೈಲು ಲೋಂಡಾ ದಾಟಿ ಕ್ಯಾಸಲ್‌ರಾಕಿಗೆ ಬಂದರೆ ಭಾರತದ ಸುಂಕದ ತಪಾಸಣೆ, ಘಟ್ಟವಿಳಿದು ಕುಳೆಮಿಗೆ ಹೋದರೆ ಪೋರ್ತುಗೀಜರ ತಪಾಸಣೆ. 1955ರಲ್ಲಿ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಮೇಲೆ ಭಾರತ ಆರ್ಥಿಕ ದಿಗ್ಬಂಧನ ವಿಧಿಸಿತು, ಓಡಾಟ ಬಹುಮಟ್ಟಿಗೆ ನಿಂತಿತು. ಒಂದು ಸ್ವಾರಸ್ಯವೆಂದರೆ, ಪೋರ್ತುಗಾಲ್ ದೇಶ 1928ರಲ್ಲಿ ರಸ್ತೆಯ ಬಲಬದಿಯ ಸಂಚಾರಕ್ಕೆ ಬದಲಾದರೂ ಗೋವೆಯಲ್ಲಿ ಎಡಬದಿಯನ್ನೇ ಉಳಿಸಿಕೊಂಡಿತು. ಸುತ್ತಲೂ ಎಡದವರಿರುವಾಗ ತಾನೊಬ್ಬನೇ ಬಲಕ್ಕೆ ಹೋದರೆ ಗಡಿಯಲ್ಲೇ ಢಿಕ್ಕಿಯಾಗುವುದೆಂಬ ವಿವೇಕ ಅವರಿಗೂ ಇತ್ತು.

ಸ್ವಂತ ಮೋಟಾರಿನೊಡನೆ ಪರದೇಶ ಪ್ರವೇಶಿಸುವ ಕ್ರಮವನ್ನು ಜಗತ್ತು ಹೇಗೆ ರೂಪಿಸಿತೆಂಬುದನ್ನೂ ಇಲ್ಲಿ ನೋಡಬಹುದು. 1909ರಲ್ಲಿ ಪ್ಯಾರಿಸಿನಲ್ಲಿ ಹಲವು ದೇಶಗಳು ಸೇರಿ ಮೊದಲ ಒಪ್ಪಂದ ಮಾಡಿಕೊಂಡವು. ಗಾಡಿಯ ಹಿಂದೆ ಮೊಟ್ಟೆಯಾಕಾರದ ಫಲಕ, ಅದರ ಮೇಲೆ ದೇಶದ ಅಕ್ಷರ ಎಂಬ ಪದ್ಧತಿ ಅಲ್ಲಿಂದ ಬಂದದ್ದು. ಬ್ರಿಟಿಷ್ ಇಂಡಿಯಾದ ಗಾಡಿಗೆ ಬಿ.ಐ. ಎಂಬ ಅಕ್ಷರಗಳಿದ್ದವು, ಸ್ವಾತಂತ್ರ್ಯಾನಂತರ ಅದು ಐ.ಎನ್.ಡಿ. ಆಯಿತು. 1926ರ ಒಪ್ಪಂದ ಅಂತರರಾಷ್ಟ್ರೀಯ ಚಾಲನಾ ಪರವಾನಿಗೆಯನ್ನು ತಂದಿತು, 1949ರ ಜಿನೀವಾ ಒಪ್ಪಂದ ಅದನ್ನು ಪರಿಷ್ಕರಿಸಿತು. ಇಂದು ಭಾರತ ಕೊಡುವ ಪರವಾನಿಗೆ ಈ ಜಿನೀವಾ ಮಾದರಿಯದು.

ಮನುಷ್ಯನಿಗೆ ಪಾಸ್‌ಪೋರ್ಟು ಇದ್ದ ಹಾಗೆ ಗಾಡಿಗೆ ಕಾರ್ನೆ ಎಂಬ ಪುಸ್ತಿಕೆ. ಪರದೇಶಕ್ಕೆ ಗಾಡಿ ಒಯ್ದರೆ ಅಲ್ಲಿನ ಸುಂಕದವರು ಆಮದು ಸುಂಕ ಕೇಳಬೇಕು. ಆದರೆ ಪ್ರವಾಸಿ ಗಾಡಿಯನ್ನು ಮಾರಲು ಬಂದವನಲ್ಲ. ಆದುದರಿಂದ ಅವನ ದೇಶದ ಮೋಟಾರು ಸಂಘ ಜಾಮೀನು ನಿಲ್ಲುತ್ತದೆ: ಈ ಗಾಡಿ ಗಡುವಿನೊಳಗೆ ಹೊರಗೆ ಹೋಗುತ್ತದೆ, ಹೋಗದಿದ್ದರೆ ಸುಂಕ ನಾವು ತುಂಬುತ್ತೇವೆ. ಪುಟದ ಒಂದು ಭಾಗವನ್ನು ಒಳಗೆ ಹೋಗುವಾಗ ಹರಿದುಕೊಳ್ಳುತ್ತಾರೆ, ಇನ್ನೊಂದನ್ನು ಹೊರಗೆ ಬರುವಾಗ. ಮೂರನೆಯದು ಮುದ್ರೆಯೊಡನೆ ಪುಸ್ತಿಕೆಯಲ್ಲೇ ಉಳಿಯುತ್ತದೆ. ನಮ್ಮ ಭಾಗದವರಿಗೆ ಇಂಥ ಕಾಗದಗಳಿಗೆ ಆಸರೆ ಮುಂಬಯಿಯಲ್ಲಿ 1919ರಲ್ಲಿ ಸ್ಥಾಪನೆಯಾದ ಪಶ್ಚಿಮ ಭಾರತ ಆಟೋಮೊಬೈಲ್ ಸಂಘ. ಸಂಘವೇನೂ ಪುಕ್ಕಟೆ ಜಾಮೀನು ನಿಲ್ಲದು, ಒಡೆಯನಿಂದ ಠೇವಣಿಯನ್ನೋ ಬ್ಯಾಂಕಿನ ಹಮಿಯನ್ನೋ ಪಡೆಯುತ್ತದೆ. ಹೊರಡುವಾಗ ಗಾಡಿಯ ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆಗಳನ್ನು ಕಣ್ಣಾರೆ ನೋಡಿ ಕಾಗದದೊಡನೆ ಹೋಲಿಸಬೇಕು. ಒಂದು ಅಂಕಿ ತಪ್ಪಿದರೂ ಗಡಿಯ ಅಧಿಕಾರಿಗೆ ಅದು ಬೇರೆಯೇ ಗಾಡಿ.

ಮತ್ತೆ ನಮ್ಮ ಕಾಗವಾಡದ ಗೆರೆಗೆ ಬರೋಣ, ಏಕೆಂದರೆ ಸಂಘದ ಸದಸ್ಯರಲ್ಲಿ ಹೆಚ್ಚಿನವರ ಪರದೇಶ ಇಂದಿಗೂ ಅದೇ. 1988ರ ಮೋಟಾರು ಕಾಯಿದೆಯ ಪ್ರಕಾರ ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಉಳಿದರೆ ಹೊಸ ನೋಂದಣಿ ಪಡೆಯಬೇಕು. ಅದಕ್ಕೆ ಮೊದಲಿನ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಎಂಎಚ್-10 ಸಾಂಗಲಿಯದು, ಕೆಎ-23 ಚಿಕ್ಕೋಡಿಯದು, ಕೆಎ-28 ವಿಜಯಪುರದ್ದು ಎಂದು ಮಕ್ಕಳೂ ಬಲ್ಲರು. ಸಂಖ್ಯೆ ಬದಲಿಸುವುದು ದೊಡ್ಡದಲ್ಲ, ತೆರಿಗೆ ದೊಡ್ಡದು. ಆಜೀವ ತೆರಿಗೆಯನ್ನು ಒಂದು ರಾಜ್ಯಕ್ಕೆ ತುಂಬಿದವನು ಇನ್ನೊಂದು ರಾಜ್ಯಕ್ಕೂ ಗಾಡಿಯ ವಯಸ್ಸಿಗೆ ತಕ್ಕಂತೆ ತುಂಬಬೇಕು, ಆಮೇಲೆ ಮೊದಲಿನ ರಾಜ್ಯಕ್ಕೆ ಹಿಂದಿರುಗಿ ಉಳಿದ ಅವಧಿಯ ಹಣ ಮರಳಿ ಕೊಡಿರೆಂದು ಅರ್ಜಿ ಹಾಕಬೇಕು. 2014ರಲ್ಲಿ ಕರ್ನಾಟಕ ತನ್ನ ತೆರಿಗೆ ಕಾಯಿದೆಯನ್ನು ತಿದ್ದಿ, ಪರರಾಜ್ಯದ ಗಾಡಿ 30 ದಿನ ಮೀರಿದರೆ ಆಜೀವ ತೆರಿಗೆ ಎಂದಿತು. ಅಳಿಯನ ಮನೆಯಲ್ಲಿ ಬಾಣಂತನಕ್ಕೆ ಮೂರು ತಿಂಗಳು ನಿಂತವರ ಗಾಡಿಗೂ ನೋಟೀಸು ಬಂದ ಕಾಲವದು. 2016ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯನ್ನು ತಳ್ಳಿಹಾಕಿತು.

ನನ್ನ ಸೋದರಳಿಯನೊಬ್ಬನ ಗಾಡಿಯನ್ನು ಗಡಿಯಾಚೆಯ ಒಂದು ಊರಿನಲ್ಲಿ ತಡೆದು, ವರ್ಷದಿಂದ ಇಲ್ಲೇ ಇದೆಯೆಂದು ವಾದಿಸಿದರು. ಅವನು ಬಂದದ್ದು ಹಿಂದಿನ ವಾರ. ಅದನ್ನು ಸಿದ್ಧಪಡಿಸುವ ಭಾರ ಅವನ ಮೇಲೆ! ಕೊನೆಗೆ ಫಾಸ್ಟ್ಯಾಗಿನ ಖಾತೆಯಲ್ಲಿ ಟೋಲು ಕಡಿತವಾದ ದಿನ, ಮಿರಜದ ಗ್ಯಾರೇಜಿನ ಬಿಲ್ಲು, ಇವೆರಡು ಅವನನ್ನು ಪಾರು ಮಾಡಿದವು. ಅಂದಿನಿಂದ ನಮ್ಮ ಮನೆಯ ಗಾಡಿಗಳಲ್ಲಿ ಒಂದು ಲಕೋಟೆ ಇರುತ್ತದೆ. ಪೆಟ್ರೋಲು, ದುರಸ್ತಿ, ಟೋಲಿನ ಚೀಟಿಗಳು ವರ್ಷವಿಡೀ ಅದರೊಳಗೆ ಬೀಳುತ್ತವೆ. ನೋಂದಣಿ, ವಿಮೆ, ಹೊಗೆ ತಪಾಸಣೆಯ ಪತ್ರಗಳನ್ನು ಡಿಜಿಲಾಕರಿನಲ್ಲಿ ತೋರಿಸಿದರೆ ಸಾಕೆಂದು 2018ರಿಂದ ಅನುಮತಿ ಇದೆ. ಆದರೂ ಹಳ್ಳಿಯ ರಸ್ತೆಯಲ್ಲಿ ನೆಟ್‌ವರ್ಕು ಹೋಗುವುದುಂಟು, ಕಾಗದದ ಪ್ರತಿ ಹೋಗುವುದಿಲ್ಲ. ವರ್ಗಾವಣೆಯ ನೌಕರಿಯವರಿಗೆ 2021ರ ಸೆಪ್ಟೆಂಬರಿನಿಂದ ಬಿ.ಎಚ್. ಎಂಬ ಭಾರತ ಸರಣಿಯ ನೋಂದಣಿ ಬಂದಿದೆ. ಸರಕಾರಿ ನೌಕರರು, ಸೈನಿಕರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಕಂಪನಿಗಳವರು ಅದನ್ನು ಪಡೆಯಬಹುದು. ಗಡಿಯ ರೈತನಿಗೆ, ಅಂಗಡಿಕಾರನಿಗೆ, ನಿವೃತ್ತ ಮಾಸ್ತರನಿಗೆ ಆ ಭಾಗ್ಯವಿಲ್ಲ. ಗೆರೆಯನ್ನು ದಿನವೂ ದಾಟುವವರು ನಾವು; ಸವಲತ್ತು ಮಾತ್ರ ಹತ್ತು ವರ್ಷಕ್ಕೊಮ್ಮೆ ದಾಟುವವರಿಗೆ. ಇದನ್ನು ಸಂಘದ ವತಿಯಿಂದ ಎರಡೂ ಸರಕಾರಗಳಿಗೆ ಬರೆಯುವುದು ಯೋಗ್ಯವೆಂದು ನನ್ನ ಅಭಿಪ್ರಾಯ.

ಕಾಗದಗಳೆಲ್ಲ ನೆಟ್ಟಗಿದ್ದರೂ ಗೆರೆ ಗೋಡೆಯಾದ ದಿನಗಳನ್ನು ನಾವು ಕಂಡೆವು. 2020ರ ಮಾರ್ಚಿನಲ್ಲಿ ಮಹಾಮಾರಿಯ ಕಾರಣ ದೇಶವೇ ಮುಚ್ಚಿತು. ರಾಜ್ಯದ ಗಡಿಗಳಲ್ಲಿ ಕಾವಲು ನಿಂತಿತು. ಕರ್ನಾಟಕ ಪ್ರವೇಶಿಸಲು ಸೇವಾಸಿಂಧುವಿನಲ್ಲಿ ನೋಂದಣಿ, ಮಹಾರಾಷ್ಟ್ರದೊಳಗೆ ಓಡಾಡಲು ಇ-ಪಾಸು. ಮಿರಜದ ದವಾಖಾನೆಗಳನ್ನೇ ನಂಬಿದ ಅಥಣಿ, ಕಾಗವಾಡ, ರಾಯಬಾಗದ ರೋಗಿಗಳ ಮನೆಗಳಲ್ಲಿ ಆಗ ಎದ್ದ ಕಳವಳವನ್ನು ಬಲ್ಲವರೇ ಬಲ್ಲರು. ಡಯಾಲಿಸಿಸ್ ಇದ್ದವರಿಗೆ ವಾರದ ಸರದಿ ತಪ್ಪುವಂತಿಲ್ಲ. ದೂರದ ಕಾಸರಗೋಡಿನಲ್ಲೂ ಇದೇ ವ್ಯಥೆ: ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನು ನಂಬಿದವರು ಕಂಗಾಲಾದರು, ವಿಷಯ ಕೇರಳದ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಅಲ್ಲಿ ತಡೆದದ್ದು ಕರ್ನಾಟಕ, ತಡೆಯಿಸಿಕೊಂಡವರಲ್ಲಿ ಕನ್ನಡಿಗರೂ ಇದ್ದರು. ಮರುವರ್ಷ ಮಹಾರಾಷ್ಟ್ರದಿಂದ ಹೋಗುವವರು 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ತೋರಿಸಬೇಕಾಯಿತು. ಅಕ್ಕನ ತಿಥಿಗೆ ಹೋಗುವವನು ಮೂಗಿನ ದ್ರವ ಕೊಟ್ಟು ಎರಡು ದಿನ ಕಾದು ಹೊರಟದ್ದನ್ನು ವೀಸಾ ಎನ್ನದೆ ಏನೆನ್ನೋಣ?

2022ರ ಡಿಸೆಂಬರಿನಲ್ಲಿ ಗಡಿವಾದ ಮತ್ತೆ ಕಾವೇರಿತು. ಬೆಳಗಾವಿಯ ಬಳಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದವು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು, ಎರಡೂ ಕಡೆಯ ಬಸ್ಸುಗಳು ಕೆಲ ಕಾಲ ನಿಂತವು. ಎಂಎಚ್-10 ಗಾಡಿಯಲ್ಲಿ ಕನ್ನಡ ಮಾತಾಡುತ್ತ ಹೋಗುವ ಕುಟುಂಬ ಆ ದಿನಗಳಲ್ಲಿ ಅಲ್ಲಿ ಸಂಖ್ಯೆಗೆ ಹೆದರಬೇಕು, ಇಲ್ಲಿ ಭಾಷೆಗೆ ಹೆದರಬೇಕು. ಇಂಥ ಹೊತ್ತಿಗೆ ನಮ್ಮ ಮನೆಗಳಲ್ಲಿ ರೂಢಿಯಾದ ಕ್ರಮಗಳು ಇವು: ಹೊರಡುವ ಮೊದಲು ಆಚೆಯ ಬಂಧುಗಳಿಗೆ ಫೋನು ಮಾಡಿ ರಸ್ತೆಯ ಸ್ಥಿತಿ ಕೇಳುವುದು, ಹೆದ್ದಾರಿ ಬಿಟ್ಟು ಒಳದಾರಿ ತಿಳಿದಿರುವುದು, ಕತ್ತಲಾಗುವ ಮುನ್ನ ಮುಟ್ಟುವುದು, ಟಾಕಿಯಲ್ಲಿ ಹಿಂದಿರುಗುವಷ್ಟು ಎಣ್ಣೆ ಇಟ್ಟುಕೊಳ್ಳುವುದು. ಇವನ್ನು ಯಾವ ಮೋಟಾರು ಕೈಪಿಡಿಯಲ್ಲೂ ಬರೆದಿಲ್ಲ.

ಕೊನೆಯದಾಗಿ, ಸಮುದ್ರದಾಚೆ ಹೋದ ಮಕ್ಕಳ ವಿಷಯ. ಅವರು ಗಾಡಿ ಒಯ್ಯುವುದಿಲ್ಲ, ಅಲ್ಲಿಯದನ್ನೇ ಬಾಡಿಗೆ ಪಡೆಯುತ್ತಾರೆ. ಆದ್ದರಿಂದ ಸಿದ್ಧತೆ ಗಾಡಿಗಿಂತ ಚಾಲಕನದು. ಬ್ರಿಟನ್, ಆಸ್ಟ್ರೇಲಿಯ, ಜಪಾನುಗಳಲ್ಲಿ ನಮ್ಮಂತೆ ಎಡಬದಿ. ಅಮೇರಿಕದಲ್ಲಿ, ಯುರೋಪಿನ ಬಹುಭಾಗದಲ್ಲಿ ಬಲಬದಿ. ಸ್ವೀಡನ್ 1967ರ ಸೆಪ್ಟೆಂಬರ್ 3ರಂದು ಇಡೀ ದೇಶವನ್ನೇ ಎಡದಿಂದ ಬಲಕ್ಕೆ ಹೊರಳಿಸಿತು. ಒಂದು ದೇಶ ಕಲಿಯಬಹುದಾದದ್ದನ್ನು ಒಬ್ಬ ಮನುಷ್ಯ ಕಲಿಯಲಾರನೇ? ಅಪಾಯವಿರುವುದು ದಟ್ಟಣೆಯಲ್ಲಲ್ಲ, ಖಾಲಿ ರಸ್ತೆಯಲ್ಲಿ. ಮುಂದೆ ಗಾಡಿಗಳಿದ್ದರೆ ಅವನ್ನು ಹಿಂಬಾಲಿಸಿ ಸರಿಯಾಗಿ ಹೋಗುತ್ತೇವೆ. ನಸುಕಿನಲ್ಲಿ ಪೆಟ್ರೋಲ್ ಬಂಕಿನಿಂದ ಒಬ್ಬಂಟಿಯಾಗಿ ಹೊರಬೀಳುವಾಗ ಕೈ ತಾನಾಗಿ ಹಳೆಯ ಬದಿಗೆ ತಿರುಗುತ್ತದೆ. ಹಗಲು ಪ್ರಯಾಣದ ಬಳಲಿಕೆಯಲ್ಲಿ ವಿಮಾನದಿಂದ ಇಳಿದ ದಿನವೇ ಚಕ್ರ ಹಿಡಿಯದಿರುವುದು ಲೇಸು.

ಅಮೇರಿಕದಲ್ಲಿ ಶಾಲಾ ಬಸ್ಸು ನಿಂತು ಕೆಂಪು ದೀಪ ಮಿನುಗಿಸಿದರೆ ಎದುರು ದಿಕ್ಕಿನ ಗಾಡಿಯೂ ಸಾಮಾನ್ಯವಾಗಿ ನಿಲ್ಲಲೇಬೇಕು. ಶಿಕ್ಷಕನಾಗಿದ್ದವನಿಗೆ ಈ ನಿಯಮ ಬಹಳ ಹಿಡಿಸುತ್ತದೆ. ಇದನ್ನು ನಮ್ಮ ಕಡೆಯೂ ತರಬಾರದೇಕೆ? ಜರ್ಮನಿಯಲ್ಲಿ ಹಿಮ ಬಿದ್ದ ರಸ್ತೆಗೆ ಚಳಿಗಾಲದ ಟೈರು ಕಡ್ಡಾಯ. ಆಸ್ಟ್ರಿಯ, ಸ್ವಿಟ್ಜರ್‌ಲೆಂಡುಗಳ ಹೆದ್ದಾರಿಗೆ ಮೊದಲೇ ಶುಲ್ಕ ತೆತ್ತು ಚೀಟಿ ಪಡೆದಿರಬೇಕು. ಸಂಕಟಕ್ಕೆ ಕರೆಯುವ ಸಂಖ್ಯೆ ಯುರೋಪಿನಲ್ಲೂ ಈಗ ನಮ್ಮಲ್ಲೂ 112, ಅಮೇರಿಕದಲ್ಲಿ 911.

ನಮ್ಮ ದೇಶದ ಪರವಾನಿಗೆಯ ಮೇಲೆ ಎಷ್ಟು ಕಾಲ ಓಡಿಸಬಹುದೆಂಬುದು ಆಯಾ ದೇಶದ ಮಾತು. ಅಲ್ಲಿ ನೆಲೆಸಿದವರಿಗೆ ಜರ್ಮನಿಯಲ್ಲಿ ಆರು ತಿಂಗಳು, ಬ್ರಿಟನ್ನಿನಲ್ಲಿ ಹನ್ನೆರಡು ತಿಂಗಳು, ಅಮೇರಿಕದಲ್ಲಿ ರಾಜ್ಯಕ್ಕೊಂದು ರೀತಿ. ಅಂತರರಾಷ್ಟ್ರೀಯ ಪರವಾನಿಗೆಗೆ ಅರ್ಜಿಯ ನಮೂನೆ 4ಎ. ನಡೆಯುತ್ತಿರುವ ಭಾರತೀಯ ಪರವಾನಿಗೆ, ಪಾಸ್‌ಪೋರ್ಟುಗಳ ಪ್ರತಿ ಲಗತ್ತಿಸಬೇಕು. ಅವಧಿ ಹೆಚ್ಚೆಂದರೆ ಒಂದು ವರ್ಷ. ಅದು ಮೂಲ ಪರವಾನಿಗೆಯ ಅನುವಾದವಿದ್ದಂತೆ. ಮೂಲವನ್ನು ಮನೆಯಲ್ಲಿಟ್ಟು ಅನುವಾದ ಮಾತ್ರ ಒಯ್ದವನನ್ನು ಯಾರೂ ಮನ್ನಿಸುವುದಿಲ್ಲ. 2022ರಲ್ಲಿ ಕೇಂದ್ರ ಸರಕಾರ ದೇಶಕ್ಕೆಲ್ಲ ಒಂದೇ ನಮೂನೆ ಗೊತ್ತುಪಡಿಸಿ, ಕ್ಯೂಆರ್ ಸಂಕೇತದ ಮೂಲಕ ಅದನ್ನು ಮೂಲ ಪರವಾನಿಗೆಗೆ ಜೋಡಿಸಿತು. ಪರದೇಶದಲ್ಲಿರುವಾಗಲೇ ಅವಧಿ ಮುಗಿದರೆ ಹಿಂದೆ ಊರಿಗೇ ಬರಬೇಕಿತ್ತು. 2021ರ ಜನವರಿಯ ಅಧಿಸೂಚನೆಯ ಮೇಲೆ ಈಗ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲೇ ಅರ್ಜಿ ಕೊಡಬಹುದು. ಅರ್ಜಿ ಅಲ್ಲಿಂದ ಅವರವರ ಊರಿನ ಸಾರಿಗೆ ಕಚೇರಿಗೆ ಬರುತ್ತದೆ, ಪರವಾನಿಗೆ ಇಲ್ಲಿಂದ ಅಂಚೆಯಲ್ಲಿ ಹೋಗುತ್ತದೆ. ಎಂಎಚ್-10ರ ಹುಡುಗ ಮ್ಯೂನಿಕ್‌ನಲ್ಲಿ ಕೂತಿದ್ದರೂ ಅವನ ಕಾಗದಕ್ಕೆ ಮುದ್ರೆ ಬೀಳುವುದು ಸಾಂಗಲಿಯಲ್ಲಿಯೇ.